ಅಂಕಿಯನ್ನು ಪರೀಕ್ಷಿಸಿ ಒಳಗೆ ಬಿಡುವ ಕ್ರಮ

ದೇವಣಗಾಂವದಂಥ ಭೀಮಾತೀರದ ಊರಿನ ಬಾಲಿಕೆಯು ಗಣಕಯಂತ್ರಕ್ಕೆ ಮೊದಲ ಪ್ರೋಗ್ರಾಮನ್ನು ಬರೆದಳೆನ್ನೋಣ. "ಜೋಳ ಎಷ್ಟು ಚೀಲ?" ಎಂದು ಯಂತ್ರವು ಕೇಳುವದು. ಬರೆದವಳು 12 ಎಂದು ಒತ್ತಿದರೆ ಲೆಕ್ಕವು ಸರಿಯಾಗಿ ಬರುವದು. ಆಕೆಯ ತಂದೆಯವರು "12 ಚೀಲ" ಎಂದು ಒತ್ತಿದರೋ, ಪ್ರೋಗ್ರಾಮು ಅಲ್ಲಿಯೇ ನಿಂತುಹೋಗುವದು. ಇದರಲ್ಲಿ ತಂದೆಯವರ ತಪ್ಪೇನೂ ಇಲ್ಲ. ಕೇಳಿದ ಪ್ರಶ್ನೆಗೆ ಮನುಷ್ಯರು ಕೊಡುವ ಉತ್ತರವನ್ನೇ ಅವರು ಕೊಟ್ಟರು.

ಇದರ ಕಾರಣವನ್ನು ಪಾಲಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸಬಯಸುತ್ತೇವೆ. ಪೈಥಾನ್ ಎಂಬ ಭಾಷೆಯಲ್ಲಿ ಕೀಲಿಮಣೆಯಿಂದ ಬಂದುದೆಲ್ಲವೂ ಮೊದಲು ಬರೇ ಅಕ್ಷರಮಾಲೆಯೇ. ಅಂಥ ಎರಡು 12ಗಳನ್ನು ಕೂಡಿಸಿದರೆ 24 ಆಗದೆ 1212 ಆಗುವದು. 'ಇಂಟ್' ಎಂಬ ಆಜ್ಞೆಯು ಅದನ್ನು ಸಂಖ್ಯೆಯಾಗಿ ಮಾರ್ಪಡಿಸುತ್ತದೆ. ಆಗದಿದ್ದರೆ ದೋಷವನ್ನು ಸಾರುತ್ತದೆ. ಆ ದೋಷವನ್ನು 'ಟ್ರೈ', 'ಎಕ್ಸೆಪ್ಟ್' ಎಂಬ ಪದಗಳಿಂದ ಹಿಡಿದು, 'ವೈಲ್' ಎಂಬುದರಿಂದ ಪ್ರಶ್ನೆಯನ್ನು ಮರಳಿ ಕೇಳಿಸಬೇಕು. ಆಗ "ತಪ್ಪು" ಎಂದು ಗದರಿಸುವದಕ್ಕಿಂತ "ಅಂಕಿಯನ್ನಷ್ಟೇ ಬರೆಯಿರಿ, ಉದಾಹರಣೆಗೆ 12" ಎಂದು ತಿಳಿಸುವದು ಲೇಸೆಂದು ನಮ್ಮ ಅಭಿಪ್ರಾಯ.

ಕೆಲವರು 'ಇಸ್‌ಡಿಜಿಟ್' ಎಂಬುದರಿಂದ ಮೊದಲೇ ಪರೀಕ್ಷಿಸುತ್ತಾರೆ. ಅದು ಋಣಚಿಹ್ನೆಯನ್ನೂ ದಶಮಾಂಶ ಬಿಂದುವನ್ನೂ ಒಪ್ಪುವದಿಲ್ಲ. ವರ್ಗವನ್ನು ಸೂಚಿಸುವ ² ಎಂಬ ಚಿಕ್ಕ ಅಂಕಿಯನ್ನಾದರೋ ಒಪ್ಪಿಬಿಡುವದು, ಅದನ್ನು 'ಇಂಟ್' ತಿರಸ್ಕರಿಸುವದು. ಆದಕಾರಣ ಮಾರ್ಪಡಿಸಿಯೇ ನೋಡುವದು ಉತ್ತಮ. ನಮ್ಮ ೧೨ನ್ನು 'ಇಂಟ್' ಹನ್ನೆರಡೆಂದೇ ಓದುವದೆಂಬುದು ಸಂತೋಷದ ಸಂಗತಿ! ಆದರೆ ಸೊನ್ನೆಯ ಬದಲು ಅನುಸ್ವಾರವನ್ನು ಒತ್ತಿದರೆ ಕಣ್ಣಿಗೆ ಒಂದೇ ತೋರಿದರೂ ಯಂತ್ರವು ಒಪ್ಪದು. 1,00,000 ಎಂದು ಅಲ್ಪವಿರಾಮವಿಟ್ಟು ಬರೆದುದನ್ನೂ ಒಪ್ಪದು.

ಸಂಖ್ಯೆಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125, ಒಟ್ಟಿಗೆ 625 ಅಂಕಗಳಿದ್ದವು. 250 ಎಂದು ಒಂದೇ ವಿಷಯಕ್ಕೆ ಬರೆದರೆ ಅದು ಸಂಖ್ಯೆಯೇ ಹೌದು, ಅಂಕವಲ್ಲ. ಇಲ್ಲಿ ಒಂದು ಸೂಕ್ಷ್ಮವುಂಟು. ದಶಮಾಂಶಕ್ಕಾಗಿ ಇರುವ 'ಫ್ಲೋಟ್' ಎಂಬುದು 'ನ್ಯಾನ್' ಎಂಬ ಪದವನ್ನೂ ಒಪ್ಪುತ್ತದೆ. ಅದು ಸೊನ್ನೆಗಿಂತ ಕಡಿಮೆಯೂ ಅಲ್ಲ, 125ಕ್ಕಿಂತ ಹೆಚ್ಚೂ ಅಲ್ಲ. "ಕಡಿಮೆಯಾದರೆ ಅಥವಾ ಹೆಚ್ಚಾದರೆ ತಿರಸ್ಕರಿಸು" ಎಂದು ಬರೆದಲ್ಲಿ ಅದು ನುಸುಳಿಹೋಗುವದು. "ಎರಡರ ನಡುವೆ ಇದ್ದರಷ್ಟೇ ಸ್ವೀಕರಿಸು" ಎಂದರೆ ನುಸುಳದು. ಭಾಜಕವಾಗುವ ಕಡೆ ಸೊನ್ನೆಯನ್ನೂ ತಡೆಯಬೇಕು. 1997ರಲ್ಲಿ ಅಮೇರಿಕೆಯ 'ಯಾರ್ಕ್‌ಟೌನ್' ಯುದ್ಧನೌಕೆಯ ಗಣಕಕ್ಕೆ ಒಂದು ಸೊನ್ನೆಯನ್ನು ಕೊಟ್ಟುದರಿಂದ ಸೊನ್ನೆಯಿಂದ ಭಾಗಿಸುವ ಪ್ರಸಂಗವು ಬಂದು, ನೌಕೆಯು ಸಮುದ್ರದಲ್ಲಿ ಚಾಲನಶಕ್ತಿಯನ್ನೇ ಕಳೆದುಕೊಂಡಿತು.

ದೂರವಾಣಿಯ ಅಂಕಿಗಳನ್ನು ಅಕ್ಷರಮಾಲೆಯಾಗಿಯೇ ಇಡಬೇಕು. ಸಂಖ್ಯೆ ಮಾಡಿದರೆ ಮೊದಲಿನ ಸೊನ್ನೆಯು ಅಳಿಯುವದು.

ಇಷ್ಟೆಲ್ಲ ಮಾಡಿದರೂ 86ಕ್ಕೆ 68 ಎಂದು ಬರೆದುದನ್ನು ಈ ಪರೀಕ್ಷೆಗಳು ಹಿಡಿಯಲಾರವು. ಹುಡುಗಿಯೊಬ್ಬಳ ಹದಿನೆಂಟು ಅಂಕಗಳು ಸದ್ದಿಲ್ಲದೆ ಹೋಗುವವು. ಆಧಾರಿನ ಹನ್ನೆರಡು ಅಂಕಿಗಳಲ್ಲಿ ಕೊನೆಯದು ವೆರ್ಹೂಫ್ ಎಂಬ ಡಚ್ ಗಣಿತಜ್ಞನ ಕ್ರಮದ ಪರೀಕ್ಷಾಂಕಿಯಾಗಿದ್ದು, ಒಂದಂಕಿಯ ತಪ್ಪನ್ನೂ ನೆರೆಯ ಅಂಕಿಗಳ ಅದಲುಬದಲನ್ನೂ ತೋರಿಸಿಕೊಡುತ್ತದೆ. ಪರೀಕ್ಷೆಯ ಅಂಕಗಳಿಗೆ ಅಂಥ ಕಾವಲಿಲ್ಲ. ಅವುಗಳನ್ನು ಇಬ್ಬರು ಬೇರೆ ಬೇರೆಯಾಗಿ ಬರೆದು, ಎರಡೂ ಪಟ್ಟಿಗಳನ್ನು ಯಂತ್ರದಿಂದ ಹೋಲಿಸಿ, ಹೊಂದದಿದ್ದಲ್ಲಿ ಮೂಲ ಉತ್ತರಪತ್ರಿಕೆಯನ್ನೇ ತೆಗೆದು ನೋಡತಕ್ಕದ್ದು.