ಹಳದೀಪುರದ ಮಗಳು, ಕೆಇಎಂನ ಸಿಸ್ಟರ್‌ಗಳು

ಬೆಳಗ್ಗಿನ ಪಾಳಿಗೆಂದು ಕಲ್ಯಾಣ, ಡೊಂಬಿವಲಿ, ಠಾಣೆಯಿಂದ ಲೋಕಲ್ ಹಿಡಿದು ಪರೇಲಿನ ಆಸ್ಪತ್ರೆಗಳಿಗೆ ಧಾವಿಸುವ ದಾದಿಯರಲ್ಲಿ ನಮ್ಮ ತುಳು-ಕನ್ನಡಿಗರ ಮನೆಯ ಹೆಣ್ಣುಮಕ್ಕಳೂ ಇದ್ದಾರೆ. ನವಿಮುಂಬಯಿಯಿಂದ ಹೊರಡುವವರಿಗೆ ಕುರ್ಲಾದಲ್ಲಿ ಗಾಡಿ ಬದಲಿಸುವ ಪಾಡು ಬೇರೆ. ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಡಾಕ್ಟರರಿಗೆ ಸಲ್ಲುವ ಶಾಲು, ಫಲಪುಷ್ಪ ಇವರಿಗೆ ಸಲ್ಲುವುದು ಅಪರೂಪ.

ಇವರನ್ನು ಎಲ್ಲರೂ ಕರೆಯುವುದು 'ಸಿಸ್ಟರ್' ಎಂದೇ. ರೋಗಿಗಳ ಸೇವೆಗೆ ಬಾಳು ಮುಡಿಪಿಟ್ಟ ಕ್ರೈಸ್ತ ಭಗಿನಿಯರಿಂದ ಬಂದ ಹೆಸರು ಅದು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದದ್ದೂ ಜರ್ಮನಿಯ ಕೈಸರ್‌ಸ್ವರ್ತ್‌ನ ಕ್ರೈಸ್ತ ಸೇವಿಕೆಯರ ಬಳಿ. ನಮ್ಮೂರಿಗೆ ಬಂದರೆ, ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್, ಉಡುಪಿಯಲ್ಲಿ 1923ರಲ್ಲಿ ಬಾಸೆಲ್ ಮಿಷನ್ನಿನ ಡಾ. ಈವಾ ಲೊಂಬಾರ್ಡ್ ಆರಂಭಿಸಿದ ಸೇವೆ ಇಂದು ದೊಡ್ಡ ಆಸ್ಪತ್ರೆಗಳಾಗಿ ನಿಂತಿದೆ. ರೋಗಿ ಯಾರ ಮಗ, ಯಾವ ಜಾತಿ ಎಂದು ಕೇಳದೆ ಮೈ ಒರೆಸುವುದೇ ಆ ಪರಂಪರೆಯ ತಿರುಳು. ಅದು ಇಂದು ಒಂದು ಮತದ ಸೊತ್ತಾಗಿ ಉಳಿದಿಲ್ಲ ಎಂಬುದಕ್ಕೆ ಪರೇಲಿನ ಕೆಇಎಂ ಆಸ್ಪತ್ರೆಗಿಂತ ಬೇರೆ ಸಾಕ್ಷಿ ಬೇಡ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಅಲ್ಲಿ ನರ್ಸ್ ಆಗಿದ್ದರು. ವಯಸ್ಸು 25, ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಆಸ್ಪತ್ರೆಯ ಸಫಾಯಿ ನೌಕರನೊಬ್ಬ ನಾಯಿಯ ಸರಪಳಿಯಿಂದ ಕೊರಳು ಬಿಗಿದು ಅವರ ಮೇಲೆ ಅತ್ಯಾಚಾರವೆಸಗಿದ. ಮೆದುಳಿಗೆ ಆಮ್ಲಜನಕ ನಿಂತುಹೋಗಿ, ಅರುಣಾ ಮತ್ತೆ ಏಳಲೇ ಇಲ್ಲ. ಆತನಿಗೆ ಕೊಲೆಯತ್ನ, ದರೋಡೆಗೆಂದು ಏಳು ವರ್ಷ ಶಿಕ್ಷೆಯಾಯಿತು. ಅತ್ಯಾಚಾರದ ಆರೋಪ ದಾಖಲಾಗಲೇ ಇಲ್ಲ. ಸುರಕ್ಷತೆಗಾಗಿ ಮುಂಬಯಿಯ ದಾದಿಯರು ಆಗ ಮುಷ್ಕರ ಹೂಡಿದ್ದರು.

ಮುಷ್ಕರ ಮುಗಿಯಿತು, ಶುಶ್ರೂಷೆ ಮುಗಿಯಲಿಲ್ಲ. ನಾಲ್ಕನೇ ವಾರ್ಡಿಗೆ ತಾಗಿದ ಕೋಣೆಯಲ್ಲಿ ಪಾಳಿಯ ಮೇಲೆ ಪಾಳಿ ದಾದಿಯರು ಅವರನ್ನು ಮೀಯಿಸಿದರು, ಮಗ್ಗುಲು ಬದಲಿಸಿದರು, ಅನ್ನ ನುರಿದು ಬಾಯಿಗಿಟ್ಟರು. ಮೀನಿನ ಸಾರೆಂದರೆ ಅರುಣಾರ ಮುಖ ಅರಳುತ್ತದೆ ಎನ್ನುತ್ತಿದ್ದರು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರ ದಶಕದಲ್ಲಿ ಅವರನ್ನು ಬೇರೆಡೆಗೆ ಸಾಗಿಸಲು ಮಹಾನಗರಪಾಲಿಕೆ ಮುಂದಾದಾಗ ದಾದಿಯರು ಪ್ರತಿಭಟಿಸಿ ತಡೆದರು. ಅರುಣಾ ಜತೆ ದುಡಿದವರು ನಿವೃತ್ತರಾದರು. ಅವರನ್ನು ನಡೆದಾಡಿದ್ದನ್ನೇ ಕಾಣದ ಹುಡುಗಿಯರು ಆ ಕೆಲಸ ವಹಿಸಿಕೊಂಡರು.

ಲೇಖಕಿ ಪಿಂಕಿ ವಿರಾನಿ ದಯಾಮರಣ ಕೋರಿ ಸುಪ್ರೀಂ ಕೋರ್ಟಿಗೆ ಹೋದರು. ಅದೂ ಕರುಣೆಯಿಂದಲೇ ಎಂಬುದನ್ನು ಮರೆಯಬಾರದು. ಇಂಥ ಬಾಳನ್ನು ಎಷ್ಟು ಕಾಲ ಎಳೆಯಬೇಕು ಎಂಬ ಪ್ರಶ್ನೆ ಸುಲಭದ್ದಲ್ಲ. 2011ರ ಮಾರ್ಚ್ 7ರಂದು ಕೋರ್ಟು ಅರ್ಜಿ ತಳ್ಳಿಹಾಕಿತು. ವಿಶೇಷ ಸಂದರ್ಭಗಳಲ್ಲಿ ಚಿಕಿತ್ಸೆ ಹಿಂತೆಗೆಯಲು ದಾರಿ ತೆರೆದರೂ, ಅರುಣಾ ಪರವಾಗಿ ಮಾತನಾಡುವ ಹಕ್ಕು ಕೆಇಎಂ ಸಿಬ್ಬಂದಿಯದು ಎಂದಿತು. ಅಷ್ಟು ವರ್ಷ ಮಲಗಿದ್ದರೂ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇಲ್ಲದ್ದನ್ನು ನ್ಯಾಯಮೂರ್ತಿಗಳು ಮೆಚ್ಚಿದರು. ದಾದಿಯರು ಸಿಹಿ ಹಂಚಿದರು.

2015ರ ಮೇ 18ರಂದು ನ್ಯುಮೋನಿಯಾದಿಂದ ಅರುಣಾ ತೀರಿಕೊಂಡರು. 42 ವರ್ಷ ಎಂದು ಪತ್ರಿಕೆಗಳು ಬರೆದವು. ಸರಿಯಾಗಿ ಲೆಕ್ಕ ಹಾಕಿದರೆ ನಲ್ವತ್ತೊಂದೂವರೆ. ಪ್ರತಿ ಜೂನ್ 1ಕ್ಕೆ ವಾರ್ಡಿನಲ್ಲಿ ಅವರ ಹುಟ್ಟುಹಬ್ಬ ಆಚರಿಸುತ್ತಿದ್ದ ದಾದಿಯರೇ ಭೋಯಿವಾಡದ ಸ್ಮಶಾನದವರೆಗೂ ಬಂದರು. 67 ತುಂಬಲು ಎರಡು ವಾರ ಬಾಕಿಯಿತ್ತು.