ಕಾಮರ್ಸ್ ಓದಿದವರು ಪೈಲಟ್ ಆಗಬಹುದೇ?

ಪೈಲಟ್ ಕೆಲಸ ಸೈನ್ಸ್‌ನವರಿಗೆ ಮಾತ್ರ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಕಾಮರ್ಸ್ ವಿದ್ಯಾರ್ಥಿಯಾದ ನಾನು ನಿಯಮಗಳನ್ನು ಓದಿ ನೋಡಿದೆ. ಆ ಮಾತು ಅರ್ಧ ಮಾತ್ರ ನಿಜ.

ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇದೆ. ಇಂಥ ಶಾಲೆಗಳಲ್ಲಿ ಸೆಸ್ನಾ 152ರಂಥ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಕಲಿಸುತ್ತಾರೆ. ಎಡಗಡೆ ವಿದ್ಯಾರ್ಥಿ, ಬಲಗಡೆ ಶಿಕ್ಷಕರು. ಇಬ್ಬರ ಮುಂದೆಯೂ ಚಾಲನೆಯ ಹಿಡಿಕೆ ಇರುತ್ತದೆ. ಹಾರುವ ಮುನ್ನ ವಿಮಾನವನ್ನು ಸುತ್ತುಹಾಕಿ ಪರೀಕ್ಷಿಸಬೇಕು. ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನಂಥ ಪಾರದರ್ಶಕ ಕೊಳವೆಗೆ ಇಳಿಸಿ ನೋಡುತ್ತಾರೆ. ನೀರು ಸೇರಿದ್ದರೆ ತಳದಲ್ಲಿ ನಿಲ್ಲುತ್ತದೆ. ಏರುವುದು, ತಿರುಗುವುದು, ಇಳಿಯುವುದು ಚೆನ್ನಾಗಿ ರೂಢಿಯಾದ ಮೇಲೆ ಒಂದು ದಿನ ಶಿಕ್ಷಕರು ಕೆಳಗಿಳಿದು ವಿದ್ಯಾರ್ಥಿಯನ್ನು ಒಬ್ಬರನ್ನೇ ಕಳುಹಿಸುತ್ತಾರೆ. ಇದೇ 'ಸೋಲೋ'.

ಲೈಸೆನ್ಸ್‌ನಲ್ಲಿ ಮೂರು ಮೆಟ್ಟಿಲು. ವಿದ್ಯಾರ್ಥಿ ಪೈಲಟ್ ಲೈಸೆನ್ಸ್‌ಗೆ 16 ವರ್ಷ, ಖಾಸಗಿ ಪೈಲಟ್ ಲೈಸೆನ್ಸ್‌ಗೆ 17 ವರ್ಷ ಆಗಿರಬೇಕು. ಇವೆರಡಕ್ಕೂ ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಖಾಸಗಿ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಹಾರಾಟ ಬೇಕು, ಆದರೆ ಅದರಿಂದ ಸಂಬಳ ಪಡೆಯುವಂತಿಲ್ಲ. ಸಂಬಳದ ಕೆಲಸಕ್ಕೆ ಕಮರ್ಷಿಯಲ್ ಲೈಸೆನ್ಸ್ ಬೇಕು: 18 ವರ್ಷ, 200 ಗಂಟೆ ಹಾರಾಟ. ವಿಮಾನಯಾನ ನಿಯಮ, ದಿಕ್ಕು ಗುರುತಿಸುವ ವಿದ್ಯೆ, ಹವಾಮಾನ ಮುಂತಾದ ಲಿಖಿತ ಪರೀಕ್ಷೆಗಳಲ್ಲಿ ಶೇ. 70 ಅಂಕ ಬಂದರಷ್ಟೇ ಪಾಸು.

ನಮಗೆ ತೊಡಕಾಗುವುದು ಇಲ್ಲಿ. ಕಮರ್ಷಿಯಲ್ ಲೈಸೆನ್ಸ್‌ಗೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಪಾಸಾಗಿರಬೇಕೆಂಬ ನಿಯಮವಿದೆ. ಕಾಮರ್ಸ್ ಮುಗಿಸಿದ ಅನೇಕರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳನ್ನಷ್ಟೇ ಬರೆದು ಮುಂದೆ ಹೋಗಿದ್ದಾರೆ. ಈ ನಿಯಮವನ್ನು ಸಡಿಲಿಸುವ ಚರ್ಚೆಯೂ ನಡೆದಿದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಡಿಜಿಸಿಎ ಜಾಲತಾಣವನ್ನು ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದರೆ ಮನೆಯಲ್ಲಿ ಅಬ್ಬಾ ಕೇಳುವುದು ಒಂದೇ ಪ್ರಶ್ನೆ: "ಖರ್ಚೆಷ್ಟು?" ಕಮರ್ಷಿಯಲ್ ತರಬೇತಿಗೆ ಹತ್ತಾರು ಲಕ್ಷ ರೂಪಾಯಿ ಬೇಕು. ಮಳೆ ಬಂದರೆ, ವಿಮಾನ ರಿಪೇರಿಗೆ ನಿಂತರೆ ತರಬೇತಿ ತಡವಾಗುತ್ತದೆ. ಹಾಸ್ಟೆಲ್, ಊಟದ ಖರ್ಚು ಮಾತ್ರ ನಿಲ್ಲುವುದಿಲ್ಲ. ಹಣ ಕಟ್ಟುವ ಮೊದಲೇ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ 'ಕ್ಲಾಸ್ 1' ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಕನ್ನಡಕ ಇದ್ದರೆ ಅಷ್ಟಕ್ಕೇ ಹೆದರಬೇಕಿಲ್ಲ. ಶಾಲೆಗೆ ಹೋದಾಗ ಮೂರು ವಿಷಯ ಕೇಳಿ: ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ವಿದ್ಯಾರ್ಥಿಗಳೆಷ್ಟು, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಲೆಕ್ಕ ನೋಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲವಲ್ಲ!