ಎಲ್ಲ ವಾಕ್ಯವೂ ‘ನಮ್ಮ ಊರು’ ಎಂದೇ ಏಕೆ ಶುರುವಾಗಬೇಕು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ - ವಿಜಯಪುರ ಜಿಲ್ಲೆಯ ಯಾವ ತಾಲ್ಲೂಕಿನ ಶಾಲೆಯೇ ಆಗಲಿ, ‘ನಮ್ಮ ಊರು’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದರೆ ಸಾಮಾನ್ಯವಾಗಿ ಇಂಥ ಸಾಲುಗಳು ಕಣ್ಣಿಗೆ ಬೀಳುತ್ತವೆ:

‘ನಮ್ಮ ಊರು ಬಸವನ ಬಾಗೇವಾಡಿ. ನಮ್ಮ ಊರು ವಿಜಯಪುರ ಜಿಲ್ಲೆಯಲ್ಲಿದೆ. ನಮ್ಮ ಊರು ಬಸವಣ್ಣನವರ ಜನ್ಮಸ್ಥಳವಾಗಿದೆ. ನಮ್ಮ ಊರಿನಲ್ಲಿ ಬಸವೇಶ್ವರ ಗುಡಿ ಇದೆ. ನಮ್ಮ ಊರಿಗೆ ಬಹಳ ಜನರು ಬರುತ್ತಾರೆ.’

ಕಾಗುಣಿತದ ತಪ್ಪಿಲ್ಲ, ವ್ಯಾಕರಣದ ತಪ್ಪೂ ಇಲ್ಲ. ಆದರೂ ಐದು ಸಾಲು ಓದುವಷ್ಟರಲ್ಲಿ ಬೇಸರ ಬರುತ್ತದೆ. ಐದೂ ವಾಕ್ಯಗಳು ಒಂದೇ ಬಾಗಿಲಿನಿಂದ ಒಳಬಂದಿವೆ.

ಇದೇ ಹುಡುಗ ಸಂತೆಯಿಂದ ಮನೆಗೆ ಬಂದು ಅವ್ವನಿಗೆ ಹೇಳುವುದನ್ನು ಕೇಳಬೇಕು: ‘ನಿನ್ನಿ ಸಂತ್ಯಾಗ ಮಳಿ ಹಿಡೀತು. ಓಡಿಹೋಗಿ ಗುಡಿ ಕಟ್ಟಿ ಮ್ಯಾಲ ನಿಂತ್ವಿ. ಮಳಿ ನಿಲ್ಲೂ ಹೊತ್ತಿಗೆ ಕತ್ತಲಾತು.’ ಮೂರು ವಾಕ್ಯ, ಮೂರು ಬಗೆಯ ಆರಂಭ. ಮೊದಲನೆಯದು ಕಾಲದಿಂದ, ಎರಡನೆಯದು ಕ್ರಿಯೆಯಿಂದ, ಮೂರನೆಯದು ಒಂದು ಘಟನೆಯಿಂದ. ಪೆನ್ನು ಕೈಗೆ ಕೊಟ್ಟೊಡನೆ ಅದೇ ಹುಡುಗ ‘ನಾನು ನಿನ್ನೆ ಸಂತೆಗೆ ಹೋದೆನು. ನಾನು ಮಳೆಯನ್ನು ನೋಡಿದೆನು. ನಾನು ಗುಡಿಯ ಕಟ್ಟೆಯ ಮೇಲೆ ನಿಂತೆನು’ ಎಂದು ಬರೆಯುತ್ತಾನೆ. ನಾಲಿಗೆಗೆ ಗೊತ್ತಿರುವುದು ಕೈಗೆ ಬರುತ್ತಿಲ್ಲ. ಹೀಗೆ ಕೈ ಕಟ್ಟಿದ ಮಗುವೇ ಕೊನೆಗೆ ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಬೇರೆ ವಿಷಯ ಬಂದರೆ ದಿಕ್ಕು ತೋಚದೆ ಕೂರುತ್ತದೆ.

ವಿಭಕ್ತಿ ಕೊಟ್ಟ ಸ್ವಾತಂತ್ರ್ಯ

ಕರ್ತೃ, ಕರ್ಮ, ಕ್ರಿಯಾಪದ - ಇದು ಶಾಲೆಯಲ್ಲಿ ಕಲಿಸುವ ಕ್ರಮ. ಕನ್ನಡದ ರೂಢಿಯ ಕ್ರಮವೂ ಹೌದು. ಆದರೆ ಅದೊಂದೇ ಕ್ರಮವಲ್ಲ. ಇಂಗ್ಲಿಷಿನಲ್ಲಿ ನಾಯಿ ಮತ್ತು ಹುಡುಗ ಎಂಬ ಪದಗಳ ಜಾಗ ಅದಲುಬದಲಾದರೆ ಕಚ್ಚಿದವರು ಯಾರು ಎಂಬುದೇ ಬದಲಾಗುತ್ತದೆ. ಕನ್ನಡದಲ್ಲಿ ‘ನಾಯಿ ಹುಡುಗನನ್ನು ಕಚ್ಚಿತು’ ಎಂದರೂ ಅಷ್ಟೇ, ‘ಹುಡುಗನನ್ನು ನಾಯಿ ಕಚ್ಚಿತು’ ಎಂದರೂ ಅಷ್ಟೇ. ‘ಅನ್ನು’ ಎಂಬ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರುವುದರಿಂದ ಪದ ಎಲ್ಲಿ ಕೂತರೂ ಅದರ ಕೆಲಸ ತಪ್ಪುವುದಿಲ್ಲ.

ಇನ್ನೊಂದು ಅನುಕೂಲವಿದೆ. ‘ಹೋದೆನು’ ಎಂಬ ಕ್ರಿಯಾಪದದಲ್ಲೇ ‘ನಾನು’ ಅಡಗಿದೆ. ಪ್ರತಿ ಸಾಲಿನಲ್ಲೂ ಅದನ್ನು ಮತ್ತೆ ಹೇಳಬೇಕಾಗಿಲ್ಲ.

ಒಂದೇ ಸಂಗತಿ, ಹಲವು ಆರಂಭ

ಆಲಮಟ್ಟಿ ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ, ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. ಅಲ್ಲಿಯ ಅಣೆಕಟ್ಟಿನ ಒಂದು ಸಂಗತಿಯನ್ನೇ ತೆಗೆದುಕೊಳ್ಳೋಣ.

1. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು.
2. ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಇಟ್ಟರು.
3. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿಯವರು.

ಮೂರೂ ಸರಿ. ಆದರೆ ಮೂರೂ ಒಂದೇ ಕಡೆ ಹೊಂದುವುದಿಲ್ಲ. ಮೊದಲನೆಯದು ಇಸವಿಗಳ ಪ್ರಕಾರ ಇತಿಹಾಸ ಹೇಳುವಾಗ ಸರಿ. ಎರಡನೆಯದು ಶಾಸ್ತ್ರಿಯವರ ಜೀವನದ ಬಗ್ಗೆ ಬರೆಯುವಾಗ ಸರಿ. ಅಣೆಕಟ್ಟಿನ ವಿಷಯ ಬರೆಯುತ್ತ, ಶುರು ಮಾಡಿದವರು ಯಾರೆಂದು ಹೇಳಬೇಕಾದರೆ ಮೂರನೆಯದು. ಓದುಗನಿಗೆ ಹಿಂದಿನ ಸಾಲಿನಲ್ಲಿ ಪರಿಚಯವಾದದ್ದು ಮೊದಲು ಬರಲಿ, ಹೊಸದಾಗಿ ಹೇಳಬೇಕಾದದ್ದು ವಾಕ್ಯದ ಕೊನೆಯ ಕಡೆಗೆ ಬರಲಿ. ಆಗ ಸಾಲುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆರಂಭ ಬದಲಿಸುವುದು ಬರೀ ಅಂದಕ್ಕಲ್ಲ, ಅರ್ಥದ ಜೋಡಣೆಗೆ.

ಇದೇ ಸೂತ್ರದಿಂದ ಮೊದಲಿನ ಪ್ರಬಂಧವನ್ನು ತಿದ್ದಿದರೆ: ‘ಬಸವಣ್ಣನವರ ಜನ್ಮಸ್ಥಳವೆಂದು ಹೆಸರಾದ ಬಸವನ ಬಾಗೇವಾಡಿ ನಮ್ಮ ಊರು. ವಿಜಯಪುರ ಜಿಲ್ಲೆಯ ಈ ಊರಿನಲ್ಲಿ ಬಸವೇಶ್ವರ ಗುಡಿ ಇದೆ. ಅದನ್ನು ನೋಡಲು ಬಹಳ ಜನರು ಬರುತ್ತಾರೆ.’ ಹೊಸ ವಿಷಯ ಒಂದೂ ಸೇರಿಲ್ಲ. ಐದು ವಾಕ್ಯ ಮೂರಾಯಿತು, ಅಷ್ಟೇ. ಆದರೆ ಓದಲು ಹಿತವಾಯಿತು.

ವಿಜ್ಞಾನದ ಉತ್ತರದಲ್ಲೂ

ಇದು ಕನ್ನಡದ ತಾಸಿಗಷ್ಟೇ ಸೇರಿದ ಮಾತಲ್ಲ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಇಂಡಿಯ ಲಿಂಬೆ ಈ ಭಾಗದ ಮಕ್ಕಳಿಗೆ ಚೆನ್ನಾಗಿ ಗೊತ್ತು. ‘ಲಿಂಬೆರಸ ಆಮ್ಲೀಯವೆಂದು ಹೇಗೆ ತಿಳಿಯುವಿರಿ?’ ಎಂದು ಕೇಳಿದರೆ ಉತ್ತರ ಪ್ರಯೋಗದಿಂದ ಶುರುವಾಗಬೇಕು: ‘ನೀಲಿ ಲಿಟ್ಮಸ್ ಕಾಗದವನ್ನು ಲಿಂಬೆರಸದಲ್ಲಿ ಅದ್ದಿದಾಗ ಅದು ಕೆಂಪಾಗುತ್ತದೆ.’ ‘ಏಕೆ ಕೆಂಪಾಗುತ್ತದೆ?’ ಎಂದು ಕೇಳಿದರೆ ಕಾರಣ ಮುಂದೆ ಬರಬೇಕು: ‘ಲಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ಇರುವುದರಿಂದ ಲಿಟ್ಮಸ್ ಕೆಂಪಾಗುತ್ತದೆ.’ ಪ್ರಶ್ನೆ ಏನು ಕೇಳುತ್ತದೆಯೋ ಅದಕ್ಕೆ ತಕ್ಕ ಆರಂಭ.

ಎರಡು ಎಚ್ಚರಿಕೆ

ಪದದ ಜಾಗ ಬದಲಿಸುವಾಗ ಪ್ರತ್ಯಯ ಬಿಡಬಾರದು. ಮಾತಿನಲ್ಲಿ ‘ಹಾವು ಕಪ್ಪೆ ನುಂಗಿತು’ ಎನ್ನುತ್ತೇವೆ. ಅದನ್ನೇ ತಿರುಗಿಸಿ ‘ಕಪ್ಪೆ ಹಾವು ನುಂಗಿತು’ ಎಂದು ಬರೆದರೆ ಕಪ್ಪೆಯೇ ಹಾವನ್ನು ನುಂಗಿದಂತಾಗುತ್ತದೆ! ‘ಕಪ್ಪೆಯನ್ನು ಹಾವು ನುಂಗಿತು’ ಎಂದೇ ಬರೆಯಬೇಕು.

ಕ್ರಿಯೆಯಿಂದ ಆರಂಭಿಸುವಾಗ ಎರಡು ಕೆಲಸವನ್ನೂ ಮಾಡಿದವರು ಒಬ್ಬರೇ ಎಂದು ನೋಡಿಕೊಳ್ಳಬೇಕು. ‘ಅಣ್ಣ ಮನೆಗೆ ಬಂದು ಅವ್ವ ಊಟಕ್ಕೆ ಬಡಿಸಿದಳು’ ಎಂಬುದು ತಪ್ಪು. ‘ಅಣ್ಣ ಮನೆಗೆ ಬಂದ ಮೇಲೆ’ ಎಂದರೆ ಸರಿ.

ಹಾಗೆಂದು ಪ್ರತಿ ವಾಕ್ಯವನ್ನೂ ತಿರುವಿ ಹಾಕುವ ಗೀಳು ಬೇಡ. ಎರಡು ಮೂರು ವಾಕ್ಯ ಒಂದೇ ರೀತಿ ಬಂದರೆ ಆಕಾಶ ಕಳಚಿ ಬೀಳುವುದಿಲ್ಲ.

ಮನೆಯಲ್ಲಿ ಹತ್ತು ನಿಮಿಷ

ಅಭ್ಯಾಸ ಸುಲಭ. ಸಿಂದಗಿ ಕಡೆಯ ಮಗುವಾದರೆ ತೊಗರಿ ರಾಶಿ ಮಾಡಿದ ದಿನ, ಮುದ್ದೇಬಿಹಾಳದ ಮಗುವಾದರೆ ಸಂತೆಯ ದಿನ - ಹೀಗೆ ಕಣ್ಣಾರೆ ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಲಿ. ಪ್ರತಿ ವಾಕ್ಯದ ಮೊದಲ ಪದಕ್ಕೆ ಗೆರೆ ಎಳೆಯಲಿ. ಒಂದೇ ಪದ ಮೂರು ಸಲ ಬಂದಿದ್ದರೆ ಒಂದು ವಾಕ್ಯವನ್ನು ಕಾಲದಿಂದ, ಒಂದನ್ನು ಸ್ಥಳದಿಂದ, ಒಂದನ್ನು ಕಾರಣದಿಂದ ಶುರು ಮಾಡಿ ನೋಡಲಿ. ಆಮೇಲೆ ಗಟ್ಟಿಯಾಗಿ ಓದಲಿ. ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಲಿ.

‘ನಮಗೆ ಓದು ಬರಹ ಬಾರದು, ನಾವೇನು ಹೇಳಿಕೊಡೋಣ?’ ಎಂದು ಹಿಂಜರಿಯುವ ತಂದೆತಾಯಿಗಳಿದ್ದಾರೆ. ಅವರು ಮಾಡಬಹುದಾದ ಕೆಲಸವೇ ದೊಡ್ಡದು. ಬರೆಯುವ ಮೊದಲು ಮಗುವಿನಿಂದ ಅದೇ ಸಂಗತಿಯನ್ನು ಬಾಯಲ್ಲಿ ಹೇಳಿಸಿ ಕೇಳಬೇಕು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಈ ನೆಲದ ಗಾದೆ ಹುಟ್ಟಿದ್ದು ಹೊಲದಲ್ಲಿ ದುಡಿದವರ ಬಾಯಲ್ಲಿ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ ಬರೆದುಕೊಂಡರು. ಹಾಗೆ ಸಂಗ್ರಹವಾದದ್ದೇ ‘ಗರತಿಯ ಹಾಡು’. ಅಕ್ಷರ ಬಾರದವರ ಮಾತಿನಿಂದಲೇ ಕನ್ನಡದ ಬರಹ ಶ್ರೀಮಂತವಾಗಿದೆ.

ಮಕ್ಕಳ ಬಾಯಲ್ಲಿ ಆ ಮಾತು ಈಗಲೂ ಇದೆ. ಅದು ನೋಟುಪುಸ್ತಕಕ್ಕೆ ಇಳಿಯಲು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ ಸಾಕು.